ಅಮೆರಿಕದ ಕಾಲೇಜಿಗೆ ನಾನು ಕೋಚ್ ಆದದ್ದು

ಬಾಸ್ಕೆಟ್‌ಬಾಲ್ ಚೆಂಡನ್ನು ನಾನು ಕೈಯಲ್ಲಿ ಹಿಡಿದದ್ದು ಒಂದೇ ಸಲ, ಅದೂ ಕಾಲ ಬಳಿ ಉರುಳಿ ಬಂದದ್ದನ್ನು ಎತ್ತಿ ಕೊಡುವುದಕ್ಕೆ. ಆದರೂ ಈ ಶತಮಾನದ ಮೊದಲ ಕೆಲವು ವರ್ಷ ನಾನು ಅಮೆರಿಕದ ಕಾಲೇಜು ತಂಡಗಳಿಗೆ ಕೋಚ್ ಆಗಿದ್ದೆ. ತಂಡಗಳು ಇದ್ದದ್ದು ಇಂಟರ್ನೆಟ್ಟಿನ ಒಂದು ಆಟದಲ್ಲಿ. ನಾನು ಇದ್ದದ್ದು ಪುಣೆಯ ಧನಕವಡಿಯಲ್ಲಿ, ಒಂದು ಉಡುಪಿ ಹೋಟೆಲಿನ ಮಾಳಿಗೆಯ ಮೇಲೆ. ಬರಿ ಆಟ ಎಂದು ಗೊತ್ತಿದ್ದರೂ ಆ ದಿನಗಳನ್ನು ನೆನೆದಾಗ ನನಗೆ ಹಿಮ ಬಿದ್ದ ಬೀದಿಗಳು, ಹಳದಿ ಬೆಳಕಿನ ಕಿಟಕಿಗಳು, ಮರದ ನೆಲದ ಮೇಲೆ ಬೂಟುಗಳು ಕಿರುಗುಟ್ಟುವ ಸದ್ದು ನೆನಪಾಗುತ್ತವೆ. ಇವು ಯಾವುದನ್ನೂ ನಾನು ಕಂಡಿಲ್ಲ, ಕೇಳಿಲ್ಲ.

ನಮ್ಮದು ಯಾದಗಿರಿ ಕಡೆಯ ಮನೆತನ. ಅಪ್ಪ ಕಟ್ಟಡ ಕೆಲಸದ ಮುಕಾದಮ. ಎಂದರೆ, ಊರಿನಿಂದ ಆಳುಗಳ ಟೋಳಿ ಕಟ್ಟಿಕೊಂಡು ಬಂದು ಸೈಟಿನಿಂದ ಸೈಟಿಗೆ ಕೆಲಸ ಹಿಡಿಯುವವನು. ನಾನು ಬೆಳೆದದ್ದು ಅರ್ಧ ಕಟ್ಟಿದ ಮನೆಗಳಲ್ಲಿ. ಗೋಡೆಗೆ ಗಿಲಾವು ಮುಗಿದು ಬಣ್ಣದವರು ಬರುವ ಹೊತ್ತಿಗೆ ನಾವು ಗಂಟು ಕಟ್ಟುತ್ತಿದ್ದೆವು. ಇಟ್ಟಿಗೆಗಳ ಮೇಲೆ ಹಲಗೆ ಇಟ್ಟುಕೊಂಡು ಓದಿ, ಮರಾಠಿ ಶಾಲೆಗಳನ್ನು ಸೈಟಿಗೊಂದರಂತೆ ಬದಲಾಯಿಸಿ, ಕೊನೆಗೆ ಬಿ.ಎಸ್ಸಿ. ಕೆಮಿಸ್ಟ್ರಿ ಪಾಸಾದೆ. ಅಪ್ಪನ ಕಡೆ, ಅವ್ವನ ಕಡೆ ಎರಡೂ ಹುಡುಕಿದರೂ ನನಗಿಂತ ಮೊದಲು ಪದವಿ ಪಡೆದವರು ಸಿಗುವುದಿಲ್ಲ. ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವಿಲ್ಲ. ಕಷ್ಟಪಟ್ಟು ತಂದದ್ದು, ಹೇಳಿಕೊಳ್ಳುತ್ತೇನೆ.

ಕಾಲೇಜಿನಲ್ಲಿ ಆಟದ ಸರ್ ನನ್ನ ಅಕ್ಷರ ನೋಡಿ ಪಂದ್ಯಗಳಿಗೆ ಸ್ಕೋರು ಬರೆಯಲು ಕೂರಿಸುತ್ತಿದ್ದರು. ನಮ್ಮ ಹುಡುಗರು ಸೋಲುವುದನ್ನು ಬರೆದು ಬರೆದು ನನಗೆ ಆಟ ತಿಳಿಯಿತು. ಯಾರು ಚೆಂಡು ಬಿಟ್ಟುಕೊಡುತ್ತಾನೆ, ಯಾರು ಕೊಡುವುದಿಲ್ಲ, ಯಾವನಿಗೆ ಮೊದಲು ದಮ್ಮು ಹತ್ತುತ್ತದೆ ಎನ್ನುವುದು ಅಂಗಳದಲ್ಲಿದ್ದವರಿಗಿಂತ ಬದಿಯ ಬೆಂಚಿನ ಮೇಲೆ ಕೂತವಳಿಗೆ ಚೆನ್ನಾಗಿ ಕಾಣುತ್ತಿತ್ತು.

ಪದವಿಯಾದ ಮೇಲೆ ಕುರಕುಂಭದ ಒಂದು ಕೆಮಿಕಲ್ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಸಾಮಾನ್ಯವಾಗಿ ಎರಡನೇ ಪಾಳಿ. ಕಂಪನಿ ಬಸ್ಸು ಮಧ್ಯಾಹ್ನಕ್ಕೆ ಹೊರಡುತ್ತಿದ್ದರಿಂದ ಬೆಳಗಿನ ಹೊತ್ತು ನನ್ನದಾಗಿತ್ತು. ನಮ್ಮ ಓಣಿಯ ಮೂಲೆಯ ಹೋಟೆಲಿನವರು ಮೇಲಿನ ಫ್ಯಾಮಿಲಿ ರೂಮು ಖಾಲಿ ಬೀಳುತ್ತದೆ ಎಂದು ಅಲ್ಲಿ ಕಂಪ್ಯೂಟರ್ ಇಟ್ಟಿದ್ದರು. ಹಳೆಯ ಪರದೆಗಳು ಹಾಗೇ ಇದ್ದವು. ಪರದೆ ಎಳೆದುಕೊಂಡು, ಕೆಳಗಿನ ಸಾಂಬಾರಿನ ವಾಸನೆಯಲ್ಲಿ ಕೂತು ಇಂಟರ್ನೆಟ್ ನೋಡುವುದು. ಈ ಆಟ ನನಗೆ ಸಿಕ್ಕಿದ್ದು ಅಲ್ಲಿ.

ಹೋಟೆಲಿನ ಮಾಲೀಕರು ಉಡುಪಿ ಕಡೆಯವರು, ಅಪ್ಪನ ವಯಸ್ಸಿನವರು. ಎಲ್ಲರೂ ಅಣ್ಣಾ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಒಂದು ದಿನ ಅವರು ಪರದೆ ಸರಿಸಿ ಇಣುಕಿದರು.

"ಎಂತ ಮಾರಾಯ್ತಿ, ಎಲ್ಲರೂ ಇಮೇಲ್ ನೋಡಿ ಹೋಗ್ತಾರೆ, ನೀನು ಬೆಳಿಗ್ಗೆ ಬೆಳಿಗ್ಗೆ ಎಂತ ಲೆಕ್ಕ ಹಾಕ್ತಾ ಇದ್ದಿ?"

"ಆಟ ಅದ್ರಿ ಅಣ್ಣಾ. ನಾ ಕೋಚ್ ಇದ್ದೀನಿ."

"ಎಲ್ಲಿ?"

"ಅಮೆರಿಕದಾಗ."

"ಸರಿ. ಅಮೆರಿಕದವರಿಗೆ ಇಡ್ಲಿಯಾ ವಡೆಯಾ ಕೇಳಿ ಹೇಳು, ಕಳಿಸ್ತೇನೆ."

ಆಟ ಹೀಗಿತ್ತು. ಕಾಲೇಜುಗಳಲ್ಲಿ ಮೂರು ದರ್ಜೆ. ಹೊಸಬರಿಗೆ ಕೆಳದರ್ಜೆಯ, ಯಾರಿಗೂ ಬೇಡವಾದ ಕಾಲೇಜು ಸಿಗುತ್ತದೆ. ಕೋಚ್ ಆದವರು ಹೈಸ್ಕೂಲು ಹುಡುಗರನ್ನು ಆರಿಸಿ ಕರೆತರಬೇಕು, ಯಾರು ಎಷ್ಟು ಹೊತ್ತು ಅಭ್ಯಾಸ ಮಾಡಬೇಕು, ಎಷ್ಟು ಹೊತ್ತು ಓದಬೇಕು ಎಂದು ಗೊತ್ತು ಮಾಡಬೇಕು. ಪಂದ್ಯವನ್ನು ಕಂಪ್ಯೂಟರೇ ಆಡಿಸುತ್ತದೆ. ಅಲ್ಲಿಯ ಸಂಜೆಯ ಪಂದ್ಯ ನಮಗೆ ಇಡ್ಲಿ ಹೊತ್ತಿಗೆ ತೆರೆಯ ಮೇಲೆ ಅಕ್ಷರವಾಗಿ ಬರುತ್ತಿತ್ತು. ಒಂದು ಸೀಸನ್ ಎಂದರೆ ನಮಗೆ ಕೆಲವು ವಾರ, ಹುಡುಗರಿಗೆ ನಾಲ್ಕು ವರ್ಷದ ಓದಿನಲ್ಲಿ ಒಂದು ವರ್ಷ. ಒಂದು ಸೀಸನ್ ಮುಗಿದು ಇನ್ನೊಂದು ಶುರುವಾಗುವ ನಡುವೆ ಕೋಚುಗಳು ಬೇರೆ ಕಾಲೇಜಿಗೆ ಅರ್ಜಿ ಹಾಕಬಹುದು. ಕಾಲೇಜು ಒಪ್ಪಬಹುದು, ಬಿಡಬಹುದು.

ನನಗೆ ಸಿಕ್ಕ ಕಾಲೇಜು ಅಮೆರಿಕದ ಉತ್ತರದ ತುದಿಯಲ್ಲಿತ್ತು. ಲಕ್ಷ್ಮೀ ರಸ್ತೆಯ ಫುಟ್‌ಪಾತಿನಲ್ಲಿ ಕೊಂಡ ಹಳೆಯ ಅಟ್ಲಾಸಿನಲ್ಲಿ ಆ ಊರು ಒಂದು ಚುಕ್ಕೆಯಾಗಿತ್ತು. ಅದನ್ನು ಮನಸ್ಸಿನಲ್ಲಿ ಹಿಮದೂರು ಎಂದು ಕರೆದುಕೊಂಡೆ. ಅಲ್ಲಿಂದ ಕೆಳಗೆ ಬೆರಳು ಜಾರಿಸಿದರೆ ನೀಲಿಯಾಗಿ ಹರಡಿದ ದೊಡ್ಡ ಸರೋವರ, ಅದರ ದಂಡೆಯ ಮೇಲೆ ಮೇಲ್ದರ್ಜೆಯ ಒಂದು ವಿಶ್ವವಿದ್ಯಾಲಯ. ಅದು ಸರೋವರದೂರು. ಮೊದಲ ದಿನವೇ ನನ್ನ ಮನಸ್ಸು ಅಲ್ಲಿ ಹೋಗಿ ಕೂತಿತು. ಯಾಕೆಂದು ಈಗ ಹೇಳಬಲ್ಲೆ. ಅಲ್ಲಿಯತನಕ ನಾನು ಎಲ್ಲ ಬಾಗಿಲುಗಳ ಮುಂದೆ ಹೋಗಿ ನಿಂತವಳು: ಶಾಲೆ, ಕಾಲೇಜು, ಹಾಸ್ಟೆಲು, ಕಾರ್ಖಾನೆ. ಬಾ ಎಂದು ಕರೆದ ಬಾಗಿಲು ಒಂದೂ ಇರಲಿಲ್ಲ. ಸರೋವರದೂರು ನನ್ನನ್ನು ಕರೆಯಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ.

ಹುಡುಗರನ್ನು ಆರಿಸುವ ವಿಷಯ ಒಂದು ರಜೆಯ ದಿನ ಮನೆಯಲ್ಲಿ ಮಾತಿಗೆ ಬಂತು. ಅಪ್ಪ ಅದನ್ನು ಆಟವೆಂದು ತಿಳಿದೇ ಕೇಳಿದ, ಆದರೆ ಉತ್ತರ ಕೊಟ್ಟದ್ದು ಮುಕಾದಮನಾಗಿ.

"ಭಾಳ ಜೋರ್ ಇದ್ದಂವನ್ನ ಹಿಡಿಬ್ಯಾಡ. ಅಂವ ಬ್ಯಾರೆಯವರು ಕರದ್ರ ಹೋಗ್ತಾನ. ಒಂದೇ ಕಡೆಯವರ್ನ ಹಿಡಿ. ಒಬ್ಬ ಹೋಗ್ತೀನಿ ಅಂದ್ರ ಇನ್ನೊಬ್ಬ ತಡೀತಾನ."

ರೊಟ್ಟಿ ಬಡಿಯುತ್ತಿದ್ದ ಅವ್ವ ತಲೆ ಎತ್ತದೆ ಹೇಳಿದಳು: "ಮಗಳಿಗಿ ಒಂದು ಹುಡುಗನ್ನ ಹುಡುಕು ಅಂದ್ರ ಟೈಮ್ ಇಲ್ಲ ಇವರಿಗಿ. ಅಪ್ಪ ಮಗಳು ಕೂಡಿ ಅಮೆರಿಕದ ಹುಡುಗುರ್ನ ಹುಡುಕ್ಲಕತ್ತಾರ."

"ಒಬ್ಬ ಎತ್ತರ ಇದ್ದಂವನ್ನ ನೋಡಿ ನಿನಗೂ ತೋರಸ್ತೀನಿ ತಡಿ" ಎಂದ ಅಪ್ಪ.

ಅಪ್ಪ ಹೇಳಿದಂತೆಯೇ ಮಾಡಿದೆ. ಹಿಮದೂರಿನ ಸುತ್ತಮುತ್ತಲ ಹಳ್ಳಿಗಳ, ದೊಡ್ಡ ಕಾಲೇಜುಗಳು ನೋಡದ ಹುಡುಗರನ್ನು ತಂದೆ. ಮೊದಲು ಸೋತರು. ಆಮೇಲೆ ಸೋಲು ಕಡಿಮೆಯಾಯಿತು. ಅವರು ಎರಡನೆಯ ವರ್ಷಕ್ಕೆ ಬಂದಾಗ ನಮ್ಮ ವಿಭಾಗದಲ್ಲಿ ನಮ್ಮನ್ನು ಸೋಲಿಸುವವರಿರಲಿಲ್ಲ. ಕುರಕುಂಭದ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದರೆ ಹೊರಗಿನ ಕಬ್ಬಿನ ಹಸಿರು ಕರಗಿ ಬೆಳ್ಳಗಾಗುತ್ತಿತ್ತು. ಉಣ್ಣೆಯ ಟೊಪ್ಪಿಗೆ ಹಾಕಿದ ನನ್ನ ಹುಡುಗರು ಒಬ್ಬರ ಹಿಂದೊಬ್ಬರು ಹಿಮದಲ್ಲಿ ಹೆಜ್ಜೆ ಊರಿ ಹೋಗುತ್ತಿದ್ದರು, ಮಾತಿಲ್ಲದೆ. ದೌಂಡದ ರಸ್ತೆಯ ತಿರುವಿನಲ್ಲಿ ಬಸ್ಸು ಕುಲುಕಿದಾಗ ಬಿಸಿಲು ಮತ್ತೆ ಬಿಸಿಲಾಗುತ್ತಿತ್ತು.

ಆ ಸೀಸನ್ ಮುಗಿದ ಮೇಲೆ ನಡುದರ್ಜೆಯ ಒಂದು ಕಾಲೇಜಿಗೆ ಅರ್ಜಿ ಹಾಕಿದೆ. ಸರೋವರದೂರಿಗೆ ಹೋಗಬೇಕೆಂದರೆ ನಡುದರ್ಜೆ ದಾಟಿಯೇ ಹೋಗಬೇಕು. ಅದು ನದಿ ದಂಡೆಯ ಊರು. ಒಪ್ಪಿದರು. ನಾನೂ ಒಪ್ಪಿ ಗುಂಡಿ ಒತ್ತಿದೆ.

ಮರುದಿನ ಬೆಳಗ್ಗೆ ತೆರೆದು ನೋಡಿದರೆ ನದಿಯೂರಿನ ಪಟ್ಟಿಯಲ್ಲಿ ಎಲ್ಲ ಅಪರಿಚಿತ ಹೆಸರು. ನನ್ನವರು ಒಬ್ಬರೂ ಇಲ್ಲ. ಕಂಪ್ಯೂಟರ್ ನಿಧಾನ ಇರಬೇಕು ಎಂದುಕೊಂಡೆ. ಇನ್ನೊಂದು ಕಂಪ್ಯೂಟರಿಗೆ ಹೋಗಿ ನೋಡಿದೆ. ನಮ್ಮ ಹಳೆಯ ವಿಭಾಗದಲ್ಲಿ ಇನ್ನೊಂದು ತಂಡ ನಡೆಸುತ್ತಿದ್ದ ಅಮೆರಿಕದ ಒಬ್ಬ ನಿವೃತ್ತ ಶಾಲಾ ಮಾಸ್ತರರು ನನಗೆ ಆಗಾಗ ಬರೆಯುತ್ತಿದ್ದರು. ಅವರಿಗೆ ಕೇಳಿದೆ: ನನ್ನ ಆಟಗಾರರು ನದಿಯೂರಿಗೆ ಬಂದು ಸೇರುವುದು ಯಾವಾಗ? ಅವರ ಉತ್ತರದಲ್ಲಿ ನಗೆ ಇರಲಿಲ್ಲ, ಆಶ್ಚರ್ಯ ಇತ್ತು. ಹುಡುಗರು ಯಾಕೆ ಬರುತ್ತಾರೆ, ಅವರು ಆ ಕಾಲೇಜಿನ ವಿದ್ಯಾರ್ಥಿಗಳು, ಹೊರಟದ್ದು ನೀವೊಬ್ಬರೇ ಎಂದು ಬರೆದಿದ್ದರು.

ಇದು ನನಗೆ ಹೊಳೆದೇ ಇರಲಿಲ್ಲ. ಮುಕಾದಮ ಸೈಟು ಬಿಟ್ಟರೆ ಟೋಳಿಯೂ ಬಿಡುತ್ತದೆ. ಒಲೆ, ಕೊಡ, ಕೋಳಿ, ಕೂಸು ಎಲ್ಲ ಒಂದೇ ಟೆಂಪೋದಲ್ಲಿ ಏರುತ್ತವೆ. ಮುಕಾದಮ ಒಬ್ಬನೇ ಹೊಸ ಸೈಟಿಗೆ ಹೋಗಿ ನಿಂತರೆ ಅವನನ್ನು ಮುಕಾದಮ ಎಂದು ಯಾರು ಕರೆಯುತ್ತಾರೆ? ನಾನು ಕಾಲೇಜು ಓದಿದವಳೇ, ಆದರೆ ಕೆಲಸ ಬದಲಾಯಿಸುವುದನ್ನು ನೋಡಿದ್ದು ಸೈಟಿನಲ್ಲಿ.

ಅಣ್ಣಾ ಟೀ ಗ್ಲಾಸು ಇಟ್ಟು ನನ್ನ ಮುಖ ನೋಡಿದರು. ವಿಷಯ ಹೇಳಿದೆ.

"ಅಲ್ಲ ಮಾರಾಯ್ತಿ, ನಮ್ಮ ಅಡುಗೆ ಭಟ್ರು ನಾಳೆ ಎದುರಿನ ಹೋಟೆಲಿಗೆ ಹೋದರೆ ನನ್ನ ದೋಸೆ ಕಾವಲಿ ಹೊತ್ತುಕೊಂಡು ಹೋಗ್ತಾರಾ?"

"ಕಾವಲಿ ಅಲ್ರಿ ಅಣ್ಣಾ, ಮಂದಿ."

"ಮಂದಿಯೂ ನನ್ನವರೇ. ಹೋಗುವುದಾದರೆ ಭಟ್ರು ಒಬ್ಬರೇ."

ಅಪ್ಪನಿಗೆ ಮಾತ್ರ ಇದು ಸರಿ ಬರಲಿಲ್ಲ. "ಮಂದಿ ಬಿಟ್ಟು ಬಂದಿ ಅಂದಂಗಾತು" ಎಂದು ಒಂದೇ ಮಾತು ಹೇಳಿ ಕೈ ತೊಳೆಯಲು ಎದ್ದ. ಆ ಮಾತು ನನಗೆ ನಾಟಿತು. ಹಿಮದೂರಿಗೆ ಅಷ್ಟರಲ್ಲಿ ಬೇರೆ ಯಾರೋ ಕೋಚ್ ಆಗಿ ಬಂದಿದ್ದರು, ವಾಪಸ್ಸು ಹೋಗುವಂತಿರಲಿಲ್ಲ. ನದಿಯೂರಿನಲ್ಲಿ ಒಂದು ಸೀಸನ್ ಮನಸ್ಸಿಲ್ಲದೆ ಕಳೆದು, ನಾನು ಹಿಮದೂರಿನ ಸಮೀಪದ ಇನ್ನೊಂದು ನಡುದರ್ಜೆ ಕಾಲೇಜಿಗೆ ಅರ್ಜಿ ಹಾಕಿದೆ. ಅದು ಹಳೆಯ ಬಟ್ಟೆ ಗಿರಣಿಗಳ ಊರು, ಸೋಲುತ್ತಲೇ ಇದ್ದ ತಂಡ. ಆದರೆ ಗಿರಣಿಯೂರಿನವರು ಪ್ರತಿ ಸೀಸನ್ನಿನ ಮೊದಲಿಗೆ ಹಿಮದೂರಿನ ಜೊತೆ ಒಂದು ಸ್ನೇಹದ ಪಂದ್ಯ ಆಡುತ್ತಿದ್ದರು. ನನ್ನ ಹುಡುಗರನ್ನು ಎದುರು ತಂಡವಾಗಿಯಾದರೂ ಒಮ್ಮೆ ನೋಡಬಹುದು ಎನ್ನುವುದೇ ನನ್ನ ಲೆಕ್ಕ.

ನೋಡಿದೆ. ಅವರು ಕೊನೆಯ ವರ್ಷದಲ್ಲಿದ್ದರು. ಆ ಬೆಳಗ್ಗೆ ಪಂದ್ಯದ ಸಾಲುಗಳನ್ನು ನಾನು ಒಂದೊಂದಾಗಿ ಓದಿದೆ: ಇಂಥವನು ಎಸೆದ, ತಪ್ಪಿದ, ಇಂಥವನು ಚೆಂಡು ಕಸಿದ. ಸಾಲುಗಳ ನಡುವೆ ಅವರು ಒಮ್ಮೆ ತಿರುಗಿ ಬದಿಯ ಬೆಂಚಿನ ಕಡೆ ನೋಡಿದಂತೆ ನನಗೆ ಅನಿಸಿತು. ಹಾಗೆ ನೋಡಿದ್ದನ್ನು ಬರೆಯುವ ಸಾಲು ಆ ಆಟದಲ್ಲಿ ಇರಲಿಲ್ಲ. ನಾವು ಗೆದ್ದೆವು. ಅಂದು ನಾನು ಇಡ್ಲಿ ಅರ್ಧಕ್ಕೇ ಬಿಟ್ಟೆ.

ಆ ಸೀಸನ್ನಿನ ಕೊನೆಗೆ ಸರೋವರದೂರಿನ ಕೋಚ್ ಜಾಗ ಮೊದಲ ಬಾರಿಗೆ ಖಾಲಿಯಾಯಿತು. ಅರ್ಜಿ ಹಾಕಿದೆ. ಆಗುವುದಿಲ್ಲ ಎಂದು ಬಂತು. ಕೆಳಗೆ ಕಾರಣ: ಗೆಲುವು ಕಡಿಮೆ, ನಿಷ್ಠೆ ತೀರ ಕಡಿಮೆ. ಒಂದರ ಹಿಂದೊಂದು ಕಾಲೇಜು ಬಿಟ್ಟವಳೆಂದು ಲೆಕ್ಕದಲ್ಲಿ ದಾಖಲಾಗಿತ್ತು. ಯಾಕೆ ಬಿಟ್ಟೆ ಎಂದು ಬರೆಯಲು ಜಾಗ ಇರಲಿಲ್ಲ.

"ಓಡಿ ಹೋಗೋ ಆಳು ಅಂದ್ರೇನು ನಿನಗ?" ಅಪ್ಪ ಕೇಳಿದ.

"ಹೌದಪ್ಪ. ಹಂಗಾ."

"ಏನ್ ಬರೀತಾರೋ ಮಂದಿ." ಅಪ್ಪ ಮತ್ತೆ ಹೇಳಿದ: "ನಿಲ್ಲು ಹಂಗಾದ್ರ. ನಿಂತು ತೋರಸು. ಮ್ಯಾಲಿನ ಸ್ಲ್ಯಾಬ್ ಹಾಕಿ ಮುಗಿಯೂತನ ಅಲ್ಲಿಂದ ಕದಲಬ್ಯಾಡ."

ಗಿರಣಿಯೂರಿನಲ್ಲಿ ನಿಂತೆ. ಈಗ ನೆನೆದರೆ ನನ್ನ ಒಳ್ಳೆಯ ವರ್ಷಗಳು ಅವೇ. ಏನೂ ಆಗುತ್ತಿರಲಿಲ್ಲ. ಬೆಳಗ್ಗೆ ಮಾಳಿಗೆಯ ಮೆಟ್ಟಿಲು, ಟೀ, ನಿನ್ನೆಯ ಪಂದ್ಯ. ಕಾತ್ರಜದ ಗುಡ್ಡದ ಕಡೆಯಿಂದ ಮೋಡ ಇಳಿದು ಬಂದು ಕಿಟಕಿ ಮಬ್ಬಾದಾಗ ಕೆಳಗಿನ ಓಣಿ ಕಾಣದಾಗಿ, ಆಚೆ ಗಿರಣಿಯ ಎತ್ತರದ ಇಟ್ಟಿಗೆ ಚಿಮಣಿ ನಿಂತಿರುವಂತೆ ತೋರುತ್ತಿತ್ತು. ಹುಡುಗರು ಬಂದರು, ದೊಡ್ಡವರಾದರು, ಹೋದರು. ಹೋಗುವಾಗ ಅವರ ಹೆಸರಿನ ಮುಂದೆ ಪದವೀಧರ ಎಂಬ ಒಂದು ಪದ ಬೀಳುತ್ತಿತ್ತು. ಬೇರೆ ಕೋಚುಗಳು ಅದನ್ನು ನೋಡುತ್ತಲೂ ಇರಲಿಲ್ಲ, ಅವರ ಮಟ್ಟಿಗೆ ಅದು ಒಬ್ಬ ಆಟಗಾರ ಕಡಿಮೆಯಾದ ಸುದ್ದಿ. ನಾನು ಆ ಪದದ ಮೇಲೆ ಕಣ್ಣಿಟ್ಟು ಕೂತಿರುತ್ತಿದ್ದೆ. ನನ್ನ ಸ್ವಂತ ಪದವಿ ಪತ್ರವನ್ನು ನಾನು ಕಾಲೇಜಿನ ಆಫೀಸು ಕಿಟಕಿಯಲ್ಲಿ ಸಹಿ ಹಾಕಿ ತಂದಿದ್ದೆ. ಇವರಿಗೆ ಮಾತ್ರ ದೊಡ್ಡ ಸಭಾಂಗಣ, ಕಪ್ಪು ನಿಲುವಂಗಿ, ಮುಂದಿನ ಸಾಲಿನಲ್ಲಿ ಕೈ ಒರೆಸಿಕೊಳ್ಳುತ್ತ ಕೂತ ಗಿರಣಿ ಕೆಲಸದ ಅಪ್ಪಂದಿರು. ಎಲ್ಲವನ್ನೂ ನಾನೇ ಬಸ್ಸಿನಲ್ಲಿ ಕೂತು ಕಟ್ಟುತ್ತಿದ್ದೆ.

ಹಾಗಾಗಿ ಓದಿನ ಹೊತ್ತನ್ನು ನಾನು ಕಡಿಮೆ ಮಾಡುತ್ತಿರಲಿಲ್ಲ. ಆಟದ ನಿಯಮದ ಪ್ರಕಾರ ಹುಡುಗ ಪಾಸಾದರೆ ಸಾಕು, ಅದಕ್ಕಿಂತ ಹೆಚ್ಚು ಅಂಕದಿಂದ ತಂಡಕ್ಕೆ ಏನೂ ಲಾಭವಿಲ್ಲ. ಹೆಚ್ಚು ಓದಿಸಿದಷ್ಟೂ ಅಭ್ಯಾಸದ ಹೊತ್ತು ಹೋಗುತ್ತದೆ. ನಿವೃತ್ತ ಮಾಸ್ತರರು ಇದನ್ನು ಕಂಡುಹಿಡಿದು, ನಾನು ಮೂವತ್ತು ವರ್ಷ ಪಾಠ ಹೇಳಿದವನು, ನನ್ನ ತಂಡದಲ್ಲೇ ಇಷ್ಟು ಓದಿಸುವುದಿಲ್ಲ ಎಂದು ಚೇಷ್ಟೆ ಮಾಡಿ ಬರೆದರು. ನಮ್ಮ ಹುಡುಗರು ಅಲ್ಪ ಅಂತರದಲ್ಲಿ ಸೋತ ಪಂದ್ಯಗಳು ಸಾಕಷ್ಟಿವೆ. ಯಾಕೆ ಸೋತೆವೆಂದು ನನಗೆ ಗೊತ್ತಿತ್ತು.

ಆಮೇಲೆ ಒಂದು ಸೀಸನ್ ಎಲ್ಲ ಕೂಡಿ ಬಂತು. ಗಿರಣಿಯೂರು ನಡುದರ್ಜೆಯ ದೊಡ್ಡ ಟೂರ್ನಿಗೆ ಆಯ್ಕೆಯಾಯಿತು, ಒಂದೊಂದೇ ಸುತ್ತು ದಾಟಿತು. ಅದೇ ಹೊತ್ತಿಗೆ ಸರೋವರದೂರಿನ ಕೋಚ್ ಸೀಸನ್ ಮುಗಿದ ಮೇಲೆ ಬಿಡುತ್ತಾರಂತೆ ಎಂಬ ಸುದ್ದಿ ಬಂತು. ಟೂರ್ನಿ ಗೆದ್ದರೆ ಆ ಕೆಲಸ ನನ್ನದೇ ಎಂದು ಮಾಸ್ತರರು ಬರೆದರು. ಅಣ್ಣಾ ಅಷ್ಟರಲ್ಲಿ ನನಗಿಂತ ಹೆಚ್ಚು ಆಟದಲ್ಲಿ ಮುಳುಗಿದ್ದರು. ಗಲ್ಲೆ ಬಿಟ್ಟು ಮೇಲೆ ಬಂದು ನನ್ನ ಪಕ್ಕ ಸ್ಟೂಲು ಹಾಕಿಕೊಂಡರು.

"ಸೆಮಿಫೈನಲ್ ಉಂಟು. ಓದು ಸ್ವಲ್ಪ ಕಡಿಮೆ ಮಾಡು, ಅಭ್ಯಾಸ ಹಾಕು. ಹೇಗೂ ಪಾಸಾಗ್ತಾರಲ್ಲ."

"ಪಾಸಾಗೂದು ಬ್ಯಾರೆ ಅಣ್ಣಾ, ಕಲಿಯೂದು ಬ್ಯಾರೆ."

"ಅದು ಕಂಪ್ಯೂಟರಿಗೆ ಗೊತ್ತುಂಟಾ?"

"ಇಲ್ಲ."

"ಮತ್ತೆ ಯಾರಿಗಾಗಿ?"

ಮೌಸಿನ ಬಾಣವನ್ನು ಓದಿನ ಹೊತ್ತಿನ ಅಂಕಿಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಕೂತೆ. ಸರೋವರ ಬೇಕಿತ್ತು, ತುಂಬಾ ಬೇಕಿತ್ತು. ಅಂಕಿಯನ್ನು ಹಾಗೇ ಬಿಟ್ಟು ಎದ್ದೆ. ಸೆಮಿಫೈನಲಿನಲ್ಲಿ ಒಂದೇ ಬುಟ್ಟಿಯ ಅಂತರದಲ್ಲಿ ಸೋತೆವು. ಅಣ್ಣಾ ಕೆಳಗೆ ಹೋಗಿ ಮಾಣಿಗಳ ಮೇಲೆ ರೇಗಿದ್ದು ಮೇಲಿನವರೆಗೂ ಕೇಳಿಸಿತು.

ಸರೋವರದೂರಿಗೆ ಅರ್ಜಿ ಹಾಕಿದೆ, ಆಸೆ ಅರ್ಧಕ್ಕಿಳಿದಿದ್ದರೂ ಹಾಕಿದೆ. ತೀರ್ಪು ಬರುವ ದಿನ ಲ್ಯಾಬಿನಲ್ಲಿ ಯಾರೋ ರಜೆ ಹಾಕಿ ನನಗೆ ಮೊದಲ ಪಾಳಿ ಬಿತ್ತು. ಕೆಲಸ ಸಿಕ್ಕರೆ ಆವತ್ತೇ ಒಪ್ಪಿಗೆ ಕೊಡಬೇಕು, ಇಲ್ಲವಾದರೆ ಅದು ಬೇರೆಯವರಿಗೆ ಹೋಗುತ್ತದೆ. ಅಣ್ಣಾ ಅವರಿಗೆ ಪಾಸ್‌ವರ್ಡ್ ಹೇಳಿ, ನೋಡಿ ಫೋನ್ ಮಾಡಿ ಎಂದು ಬೇಡಿಕೊಂಡು ಬಸ್ಸು ಹತ್ತಿದೆ.

ಟೀ ಹೊತ್ತಿನಲ್ಲಿ ಮೊಬೈಲ್ ಬಡಿದುಕೊಂಡಿತು. ಲ್ಯಾಬಿನ ಹಿಂದಿನ ಬೇಲಿಯ ಬಳಿ ಹೋಗಿ ನಿಂತೆ. ಗಾಳಿಯಲ್ಲಿ ಸಾಲ್ವೆಂಟಿನ ವಾಸನೆ.

"ತೆರೆದಿದ್ದೇನೆ. ಡಿಯರ್ ಕೋಚ್ ಅಂತ ಉಂಟು."

"ಮುಂದ?"

"ತಡಿ, ಕನ್ನಡಕ. ವಿ ಆರ್ ಪ್ಲೀಸ್ಡ್... ಅವರಿಗೆ ಖುಷಿ ಆಗಿದೆ."

"ಯಾತಕ್ಕ ಖುಷಿ ಆಗ್ಯದ ಓದ್ರಿ ಅಣ್ಣಾ."

"ಒಂದು ನಿಮಿಷ. ಏ, ಮೂರನೇ ಟೇಬಲಿಗೆ ಎರಡು ಮಸಾಲೆ. ಹಾಂ. ನಿನ್ನನ್ನು ಕರೆದಿದ್ದಾರೆ ಮಾರಾಯ್ತಿ. ಬಹಳ ಕಾಲ ಒಂದೇ ಕಡೆ ನಿಂತಿದ್ದೀರಿ ಅಂತ ಬರೆದಿದ್ದಾರೆ. ಗೆಲುವು ಸಾಧಾರಣ ಅಂತಲೂ ಉಂಟು. ಕೆಳಗೆ ಎರಡು ಗುಂಡಿ. ಒಂದು ಒಪ್ಪಿಗೆ, ಒಂದು ಬೇಡ. ಯಾವುದು ಒತ್ತಲಿ?"

ಗಿರಣಿಯೂರಿನಲ್ಲಿ ಕೊನೆಯ ವರ್ಷಕ್ಕೆ ಕಾಲಿಡುತ್ತಿದ್ದ ಹುಡುಗರಿದ್ದರು. ಅವರು ಹಿಂದೆ ಬರುವವರಲ್ಲ ಎಂದು ಈ ಸಲ ನನಗೆ ಗೊತ್ತಿತ್ತು. ಅವರ ಅಂಕಗಳು ಪಾಸಿನ ಗೆರೆಗಿಂತ ಎಷ್ಟೋ ಮೇಲೆ ಇದ್ದವು. ಮುಂದೆ ಬರುವ ಕೋಚ್ ಓದಿನ ಹೊತ್ತು ಪೂರಾ ತೆಗೆದರೂ ಅವರು ಪದವಿ ಮುಗಿಸಿಯೇ ಹೋಗುತ್ತಾರೆ ಎಂದು ಬೇಲಿ ಹಿಡಿದು ನಿಂತೇ ಲೆಕ್ಕ ಹಾಕಿದೆ.

"ಏನಾಯಿತು, ಲೈನ್ ಹೋಯ್ತಾ?"

"ಇದ್ದೀನ್ರಿ. ಒಪ್ಪಿಗಿ ಒತ್ರಿ."

"ಒತ್ತಿದೆ. ಈಗ ಎಂತ ಆಗ್ತದೆ?"

"ಈಗ ಅಲ್ಲಿ ನಡುರಾತ್ರಿ ಅಣ್ಣಾ. ಎಲ್ಲಾರೂ ಮಲಗ್ಯಾರ."

ಫೋನ್ ಇಟ್ಟ ಮೇಲೆ ಅಪ್ಪನಿಗೆ ಹಚ್ಚಿದೆ. ಅವನು ವಾರಜೆಯ ಕಡೆ ಒಂದು ಸೈಟಿನಲ್ಲಿದ್ದ. ಹಿಂದೆ ಕಾಂಕ್ರೀಟು ಕಲಸುವ ಯಂತ್ರ ತಿರುಗುತ್ತಿದ್ದ ಸದ್ದಿಗೆ ಅವನ ಹಲೋ ಕೂಡ ಸರಿಯಾಗಿ ಕೇಳಿಸಲಿಲ್ಲ.

"ಅಪ್ಪ, ಕರದ್ರು."

"ಯಾರು?"

"ಸರೋವರದ ಕಾಲೇಜಿನವರು. ದೊಡ್ಡದು."

ಅಪ್ಪ ಯಾರಿಗೋ ಕೂಗಿ ಯಂತ್ರ ನಿಲ್ಲಿಸಲು ಹೇಳಿದ. ಸದ್ದು ನಿಧಾನವಾಗಿ ಇಳಿದು ನಿಂತಿತು. ಈಗ ಅಪ್ಪನ ಉಸಿರೂ ಕೇಳುತ್ತಿತ್ತು.

"ಅವರಾಗೇ ಕರದಾರ?"

"ಅವರಾಗೇ."

"ಯಾವಾಗ ಹೋಗ್ತಿ?"

ಬೇಲಿಯ ಆಚೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಬಾರಾಮತಿಯ ಕಡೆ ಹೋಗುತ್ತಿತ್ತು. ಅದರ ಹಿಂದೆ ಎದ್ದ ದೂಳು ಬಿಸಿಲಿನಲ್ಲಿ ಅಗಲವಾಗಿ, ತೆಳ್ಳಗೆ, ನೀರಿನ ಹಾಗೆ ಹರಡಿ ನಿಂತಿತು.

"ಹೋದೆನಪ್ಪ" ಎಂದೆ. "ಈಗ ಅಲ್ಲೇ ಅದೀನಿ."